ಹತ್ತು ವರ್ಷ ಕೆಲಸ ಮಾಡಿದ ಸಿಸ್ಟರ್ ವಾರ್ಡ್ ಬಿಡೋದು ಯಾಕೆ?

ರಾತ್ರಿ ಎರಡು ಗಂಟೆ ದಾಟಿತ್ತು. ಕರುಳಿನ ಆಪರೇಷನ್ ಆಗಿ ನಾಲ್ಕು ದಿನವಾಗಿದ್ದ ಒಬ್ಬರು ಹಾಸಿಗೆಯ ಅಂಚಿನಲ್ಲಿ ಕೂತು ಹೊದಿಕೆಯನ್ನು ಸುಮ್ನೆ ಎಳೆಯುತ್ತಿದ್ದರು. ಬಿಪಿ ಸರಿಯಾಗಿತ್ತು. ಜ್ವರ ಇರಲಿಲ್ಲ. ನಾನು ಚಾರ್ಟಿನಲ್ಲಿ ಉಸಿರಾಟ ನಿಮಿಷಕ್ಕೆ 20 ಅಂತ ಬರೆದಿದ್ದೆ. ನಿಜವಾಗಿ ಎಣಿಸಿರಲಿಲ್ಲ. ಆ ರಾತ್ರಿ ನನ್ನ ಪಾಲಿಗೆ 12 ಪೇಷೆಂಟ್ ಇದ್ದರು, ನನಗಾಗ ಒಂದೂವರೆ ವರ್ಷದ ಅನುಭವ, ಮತ್ತು ಅಲ್ಲಿ ಎಲ್ಲರ ಚಾರ್ಟಿನಲ್ಲೂ 20 ಅಂತಲೇ ಇರುತ್ತಿತ್ತು.

ನಮ್ಮ ಸೀನಿಯರ್ ಕೇರಳದವರು, ನಾವೆಲ್ಲ ಚೇಚಿ, ಅಂದರೆ ಮಲಯಾಳಂನಲ್ಲಿ ಅಕ್ಕ, ಅನ್ನುತ್ತಿದ್ದೆವು. ಪಕ್ಕದ ಬೆಡ್ಡಿಗೆ ಡ್ರಿಪ್ ಬದಲಿಸಲು ಹೋಗುತ್ತಿದ್ದವರು ಅಲ್ಲೇ ನಿಂತರು. ಪೇಷೆಂಟಿನ ಕೈ ಮುಟ್ಟಿ ನೋಡಿದರು. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು. 28. "ಡ್ಯೂಟಿ ಡಾಕ್ಟರಿಗೆ ಫೋನ್ ಮಾಡು, ಈಗಲೇ ಬರಬೇಕು ಅನ್ನು" ಅಂದರು. ಬೆಳಗಾಗುವಷ್ಟರಲ್ಲಿ ಆ ಪೇಷೆಂಟ್ ಮತ್ತೆ ಥಿಯೇಟರಿನಲ್ಲಿದ್ದರು. ಒಳಗೆ ಕರುಳು ಜೋಡಿಸಿದ್ದ ಜಾಗ ಸೋರುತ್ತಿತ್ತು. ಬದುಕಿದರು. ಮೂರು ವಾರದ ನಂತರ ನಡೆದುಕೊಂಡೇ ಮನೆಗೆ ಹೋದರು.

ಅದಾಗಿ ಐದು ತಿಂಗಳಿಗೆ ಚೇಚಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಅದೇ ವರ್ಷ ಕೋರ್ಸ್ ಮುಗಿಸಿದ ಹುಡುಗಿ ಬಂದಳು. ಡ್ಯೂಟಿ ಪಟ್ಟಿಯಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಹೆಸರು ಬಂತು. ತಲೆ ಲೆಕ್ಕ ಸರಿಹೋಯಿತು.

ಈ ತಲೆ ಲೆಕ್ಕದ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ನಾನೂ 11 ವರ್ಷ ಇದ್ದು ಬಿಟ್ಟವಳು. "ಸಂಬಳ ಸಾಲಲಿಲ್ವಾ?" ಅಂತ ಕೇಳುತ್ತಾರೆ. "ನೈಟ್ ಡ್ಯೂಟಿ ಕಷ್ಟ ಅಲ್ವಾ?" ಅನ್ನುತ್ತಾರೆ. ಎರಡೂ ಹೌದು. ಆದರೆ ಅವೆರಡೂ ಹೊಸಬರಿಗೂ ಇವೆ. ಹತ್ತು ವರ್ಷ ತಡೆದುಕೊಂಡವರು ಹನ್ನೊಂದನೇ ವರ್ಷ ಯಾಕೆ ಹೋಗುತ್ತಾರೆ? ನನ್ನ ಉತ್ತರ ಇದು: ವಾರ್ಡಿನಲ್ಲಿ ಅನುಭವ ಬೆಳೆದಷ್ಟೂ ಹೊರೆ ಜಾಸ್ತಿಯಾಗುತ್ತದೆ, ಆದರೆ ಆ ಅನುಭವವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಯಾವ ವಾರ್ಡಿನ ಮಾತು ಅಂತ ಮೊದಲು ಹೇಳಿಬಿಡುತ್ತೇನೆ. ಮೆಡಿಕಲ್, ಸರ್ಜಿಕಲ್ ವಾರ್ಡ್ ಅಂದರೆ ಐಸಿಯು, ಹೆರಿಗೆ, ಮಕ್ಕಳ ವಾರ್ಡ್ ಬಿಟ್ಟು ಹೆಚ್ಚುಕಡಿಮೆ ಉಳಿದವರೆಲ್ಲ ಇರುವ ಜಾಗ. ಡೆಂಗಿ ಜ್ವರದವರು, ಶುಗರಿನಿಂದ ಕಾಲಿನ ಗಾಯ ಕೊಳೆತವರು, ಪಿತ್ತಕೋಶ ತೆಗೆಸಿಕೊಂಡವರು, ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಸ್ಟ್ರೋಕ್ ಆದವರು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿಕೊಂಡವರು, ನಿನ್ನೆ ತಾನೇ ಐಸಿಯುನಿಂದ ಹೊರಗೆ ಬಂದವರು. ಹೊರಗಿನವರಿಗೆ ಐಸಿಯು ಕಷ್ಟ, ವಾರ್ಡ್ ಸುಲಭ ಅನಿಸುತ್ತದೆ. ಐಸಿಯುನಲ್ಲಿ ಒಬ್ಬ ನರ್ಸಿಗೆ ಒಂದೋ ಎರಡೋ ಪೇಷೆಂಟ್, ಪಕ್ಕದಲ್ಲೇ ಮಾನಿಟರ್, ಏನಾದರೂ ಏರುಪೇರಾದರೆ ಅದು ಕೂಗಿಕೊಳ್ಳುತ್ತದೆ. ವಾರ್ಡಿನ ಬಹುಪಾಲು ಬೆಡ್ಡುಗಳಿಗೆ ಅಂಥ ಮಾನಿಟರ್ ಇಲ್ಲ. ಅಲ್ಲಿ ಕಣ್ಣೂ ಕಿವಿಯೂ ಸಿಸ್ಟರೇ.

ಇನ್ನೊಂದು ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ವಾರ್ಡ್ ಹೆಸರು ಅದೇ ಇದೆ, ಒಳಗಿನ ಪೇಷೆಂಟುಗಳು ಬದಲಾಗಿದ್ದಾರೆ. ಹಿಂದೆ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದರೆ ವಾರ ಹತ್ತು ದಿನ ಮಲಗಿರುತ್ತಿದ್ದರು. ಈಗ ಸಣ್ಣ ತೂತಿನಲ್ಲಿ ಆಪರೇಷನ್ ಮುಗಿಯುತ್ತದೆ, ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆಗೆ. ಪೇಷೆಂಟಿಗೆ ಇದು ತುಂಬಾ ಒಳ್ಳೆಯದು. ಆದರೆ ವಾರ್ಡಿನಲ್ಲಿ ಏನಾಗುತ್ತದೆ ನೋಡಿ. ಮೊದಲು ಹತ್ತು ಜನರಲ್ಲಿ ನಾಲ್ಕೈದು ಜನ ಸುಧಾರಿಸಿಕೊಂಡು, ತಾವೇ ಎದ್ದು ಓಡಾಡಿ, ತಾವೇ ಊಟ ಮಾಡಿ, ಪಕ್ಕದವರಿಗೆ ನೀರೂ ಕೊಡುತ್ತಿದ್ದರು. ಈಗ ಸುಧಾರಿಸಿಕೊಂಡವರು ಬೆಡ್ಡಿನಲ್ಲಿ ಇರುವುದೇ ಇಲ್ಲ. ಹತ್ತಕ್ಕೆ ಹತ್ತೂ ಜನ ಕಾಯಿಲೆ ಜೋರಾಗಿರುವವರು. ಜೊತೆಗೆ ಬೆಳಿಗ್ಗೆ ಒಬ್ಬರು ಡಿಸ್ಚಾರ್ಜ್ ಆದ ಬೆಡ್ಡಿಗೆ ಮಧ್ಯಾಹ್ನವೇ ಇನ್ನೊಬ್ಬರು ಬರುತ್ತಾರೆ. ಒಬ್ಬರನ್ನು ಕಳಿಸುವುದು, ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು, ಎರಡೂ ತಲಾ ಮುಕ್ಕಾಲು ಗಂಟೆಯ ಕೆಲಸ. ಮಧ್ಯರಾತ್ರಿ ಬೆಡ್ ಎಣಿಸಿದರೆ ಅಲ್ಲಿ ಕಾಣುವುದು ಒಬ್ಬರೇ ಪೇಷೆಂಟ್.

ಹಾಗಾದರೆ ಎಷ್ಟು ಪೇಷೆಂಟಿಗೆ ಒಬ್ಬ ನರ್ಸ್ ಇರಬೇಕು? ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿರುವುದು, ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವರಿಗೆ ಒಬ್ಬರು, ಉಳಿದ ಜನರಲ್ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಅದರ ಮೇಲೆ ರಜೆಗೆ ಅಂತ 30% ಹೆಚ್ಚುವರಿ ಜನ. ಕೆಲಸ ಮಾಡಿದವರು ಈ ಸಾಲು ಓದಿದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ನಾನು ಇದ್ದ ವಾರ್ಡಿನಲ್ಲಿ ಬೆಳಗಿನ ಹೊತ್ತು ಒಬ್ಬರಿಗೆ ಏಳೆಂಟು, ರಾತ್ರಿ ಹತ್ತರಿಂದ ಹನ್ನೆರಡು. ಯಾರಾದರೂ ರಜೆ ಹಾಕಿದರೆ ಆ ಪೇಷೆಂಟುಗಳೂ ಉಳಿದವರಿಗೇ ಹಂಚಿಕೆ.

ಇದರಿಂದ ಏನಾಗುತ್ತದೆ ಅನ್ನುವುದನ್ನು ಚೆನ್ನಾಗಿ ಅಳೆದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕನ್ ಮತ್ತು ಅವರ ತಂಡ. 2002ರಲ್ಲಿ ಅವರು ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಆಪರೇಷನ್ ಆದ 2,32,342 ಪೇಷೆಂಟುಗಳು, 10,184 ನರ್ಸುಗಳು. ಒಬ್ಬ ನರ್ಸಿನ ಪಾಲಿಗೆ ಒಬ್ಬ ಪೇಷೆಂಟ್ ಜಾಸ್ತಿಯಾದರೆ, ಪೇಷೆಂಟುಗಳು 30 ದಿನದೊಳಗೆ ಸಾಯುವ ಸಾಧ್ಯತೆ 7% ಜಾಸ್ತಿ ಇತ್ತು. ನಾಲ್ಕು ಜನರನ್ನು ನೋಡಿಕೊಳ್ಳುವ ಕಡೆ ಎಂಟು ಜನ ಅಂದರೆ 31% ಜಾಸ್ತಿ. ಇಷ್ಟನ್ನು ಬಹಳ ಜನ ಹೇಳುತ್ತಾರೆ. ಅದೇ ವರದಿಯ ಇನ್ನೊಂದು ಸಾಲನ್ನು ಅಷ್ಟಾಗಿ ಹೇಳುವುದಿಲ್ಲ: ಒಬ್ಬ ಪೇಷೆಂಟ್ ಜಾಸ್ತಿಯಾದರೆ ನರ್ಸ್ ಪೂರ್ತಿ ಬತ್ತಿಹೋಗುವ ಸಾಧ್ಯತೆ 23% ಏರುತ್ತದೆ, ಕೆಲಸದ ಮೇಲೆ ಬೇಸರ ಹುಟ್ಟುವ ಸಾಧ್ಯತೆ 15% ಏರುತ್ತದೆ. ಅಂದರೆ ಪೇಷೆಂಟ್ ಸಾಯುವುದಕ್ಕೂ ಸಿಸ್ಟರ್ ಕೆಲಸ ಬಿಡುವುದಕ್ಕೂ ಬೇರು ಒಂದೇ ಕಡೆ ಇದೆ.

ಬತ್ತಿಹೋಗುವುದು ಅಂದರೆ ಸುಸ್ತಾಗುವುದು ಅಂತ ಜನ ತಿಳಿಯುತ್ತಾರೆ. ಸುಸ್ತು ಮಲಗಿ ಎದ್ದರೆ ಹೋಗುತ್ತದೆ. ಇದು ಬೇರೆ. ಒಂದು ಬೆಳಿಗ್ಗೆ ಹೇಗಿರುತ್ತದೆ ಅಂತ ಹೇಳುತ್ತೇನೆ, ಆಗ ಗೊತ್ತಾಗುತ್ತದೆ. ಏಳೂವರೆಗೆ ಹ್ಯಾಂಡೋವರ್, ರಾತ್ರಿಯವರು ಪೇಷೆಂಟುಗಳನ್ನು ನಮಗೆ ಒಪ್ಪಿಸುವುದು. ತಿಂಡಿ ಬರುವ ಮೊದಲೇ ಶುಗರ್ ನೋಡಿ ಇನ್ಸುಲಿನ್ ಕೊಡಬೇಕು. ಎಂಟು ಗಂಟೆಯ ಆಂಟಿಬಯೋಟಿಕ್ ಎಂಟು ಜನರಿಗೂ ಎಂಟೇ ಗಂಟೆಗೆ ಇರುತ್ತದೆ, ಕೈ ಮಾತ್ರ ಎರಡೇ. ಅಷ್ಟರಲ್ಲಿ ಒಬ್ಬ ಡಾಕ್ಟರ್ ರೌಂಡ್ಸಿಗೆ ಬರುತ್ತಾರೆ, ಅವರ ಜೊತೆ ಫೈಲ್ ಹಿಡಿದು ಹೋಗಬೇಕು, ಅವರು ಮುಗಿಸುವಷ್ಟರಲ್ಲಿ ಇನ್ನೊಬ್ಬರು, ಮೂರನೆಯವರು ಫೋನಿನಲ್ಲಿ. ಡ್ರಿಪ್ಪಿಗೆ ಅಂತ ನರಕ್ಕೆ ಹಾಕಿದ ಕ್ಯಾನುಲಾ (ಸಣ್ಣ ಕೊಳವೆ) ಇರುವ ಜಾಗ ಒಬ್ಬರಿಗೆ ಬಾತುಕೊಂಡಿದೆ, ತೆಗೆದು ಬೇರೆ ಕೈಗೆ ಹಾಕಬೇಕು. ಸ್ಕ್ಯಾನಿಂಗಿಗೆ ಕಳಿಸಬೇಕು, ವೀಲ್‌ಚೇರ್ ಹುಡುಗ ಸಿಗುತ್ತಿಲ್ಲ. ಔಷಧಿ ತರಿಸಲು ಇಂಡೆಂಟ್ ಹಾಕಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಬರೆಯಬೇಕು, ಇನ್ಶೂರೆನ್ಸ್ ಡೆಸ್ಕಿನಿಂದ ಫೋನ್, ಬಿಲ್ಲಿಂಗಿನಿಂದ ಫೋನ್. ಡಿಸ್ಚಾರ್ಜ್ ಅಂತ ಒಂಬತ್ತಕ್ಕೆ ಹೇಳಿದವರು ಎರಡಾದರೂ ಹೊರಟಿಲ್ಲ ಅಂತ ಅವರ ಮನೆಯವರು ಬೈಯುವುದು ಯಾರನ್ನು? ಎದುರಿಗೆ ಕಾಣುವ ಸಿಸ್ಟರನ್ನೇ. ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಬರುವುದು ಅವಳ ಕೈಯಲ್ಲಿಲ್ಲ ಅಂತ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಇದರ ನಡುವೆ ಏನು ಬಿಟ್ಟುಹೋಗುತ್ತದೆ ಅನ್ನುವುದೇ ನಿಜವಾದ ಮಾತು. ಮಾತ್ರೆ ಬಿಡುವುದಿಲ್ಲ, ಇಂಜೆಕ್ಷನ್ ಬಿಡುವುದಿಲ್ಲ, ಬರೆಯುವುದನ್ನಂತೂ ಬಿಡುವ ಹಾಗೇ ಇಲ್ಲ. ಬಿಟ್ಟುಹೋಗುವುದು ಬರಹದಲ್ಲಿ ಕಾಣದ ಕೆಲಸ. ಸ್ಟ್ರೋಕ್ ಆದ ಅಜ್ಜನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು. ಬಾಯಿ ಒರೆಸುವುದು. ಆಪರೇಷನ್ ಆದವರನ್ನು ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸುವುದು. ಮೊದಲ ಸಲ ಇನ್ಸುಲಿನ್ ಶುರುವಾದ ಹೆಂಗಸಿಗೆ ಸೂಜಿ ಚುಚ್ಚಿಕೊಳ್ಳುವುದನ್ನು ಕಲಿಸುವುದು. ಪಕ್ಕದಲ್ಲಿ ನಿಂತು ಮುಖ ನೋಡುವುದು. ಹೊಸಬರಿಗೆ ಇವು ಬಿಟ್ಟುಹೋಗಿದ್ದು ಅಷ್ಟಾಗಿ ತಿಳಿಯುವುದಿಲ್ಲ, ಕೊಟ್ಟ ಪಟ್ಟಿ ಮುಗಿಸಿದರೆ ಸಮಾಧಾನ. ಹತ್ತು ವರ್ಷದವರಿಗೆ ಗೊತ್ತು. ಈ ಅಜ್ಜನ ಬೆನ್ನು ಮೂರನೇ ದಿನಕ್ಕೆ ಹುಣ್ಣಾಗುತ್ತದೆ ಅಂತ ಗೊತ್ತು, ಆ ಹೆಂಗಸು ಹದಿನೈದು ದಿನದಲ್ಲಿ ಮತ್ತೆ ಇಲ್ಲಿಗೇ ಬರುತ್ತಾಳೆ ಅಂತಲೂ ಗೊತ್ತು. ಗೊತ್ತಿದ್ದೂ ಮಾಡಲಾಗದೆ ದಿನಾ ಮನೆಗೆ ಹೋಗಬೇಕು. ಸರಿ ಯಾವುದು ಅಂತ ತಿಳಿದಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದ ಈ ಸಂಕಟಕ್ಕೆ 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಅನ್ನುವ ಅಮೆರಿಕದ ಚಿಂತಕ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ನೈತಿಕ ಸಂಕಟ ಅನ್ನಬಹುದು. ನಮ್ಮಲ್ಲಿ ಅದನ್ನು "ಮನಸ್ಸಿಗೆ ಹಿಡಿಸ್ತಿಲ್ಲ" ಅಂತ ಮಾತ್ರ ಹೇಳಿ ಬಿಡುತ್ತಾರೆ.

ಅದೇ 1984ರಲ್ಲಿ ಪ್ಯಾಟ್ರೀಷಿಯಾ ಬೆನ್ನರ್ ಅನ್ನುವ ನರ್ಸಿಂಗ್ ಪ್ರೊಫೆಸರ್ ಒಬ್ಬರು ನರ್ಸ್ ಬೆಳೆಯುವ ಐದು ಹಂತಗಳನ್ನು ವಿವರಿಸಿದರು. ಮೊದಲ ಹಂತದವರು ನಿಯಮ ನೋಡಿ ಕೆಲಸ ಮಾಡುತ್ತಾರೆ. ಕೊನೆಯ ಹಂತದವರು ಪೇಷೆಂಟನ್ನು ನೋಡಿದ ಕೂಡಲೇ ಇಡೀ ಚಿತ್ರ ಹಿಡಿಯುತ್ತಾರೆ, ಯಾಕೆ ಅಂತ ಕೇಳಿದರೆ ತಕ್ಷಣ ಹೇಳಲೂ ಆಗದಿರಬಹುದು. ಚೇಚಿ ಆ ರಾತ್ರಿ ನಿಂತದ್ದು ಹೀಗೆ. ಹೊದಿಕೆ ಎಳೆಯುವುದು, ಕೈ ತಣ್ಣಗಿರುವುದು, ನಿನ್ನೆ ಮಾತಾಡುತ್ತಿದ್ದವರು ಇವತ್ತು ಸುಮ್ಮನಿರುವುದು. ಬಿಪಿ ಬೀಳುವುದು ಆಮೇಲೆ. ಉಸಿರು ಮೊದಲೇ ಹೇಳುತ್ತದೆ. ತೊಂದರೆ ಎಲ್ಲ ಆಸ್ಪತ್ರೆಯಲ್ಲೂ ಆಗುತ್ತದೆ. ಅದನ್ನು ಹೊತ್ತಿಗೆ ಮುಂಚೆ ಕಂಡು ಹಿಡಿಯುತ್ತಾರೋ ಇಲ್ಲವೋ ಅನ್ನುವುದರಲ್ಲಿ ಆಸ್ಪತ್ರೆ ಆಸ್ಪತ್ರೆಗೆ ವ್ಯತ್ಯಾಸ.

ಈ ಕಣ್ಣು ಬರಲು ವರ್ಷಗಳು ಬೇಕು. ಬಂದ ಮೇಲೆ ಆಸ್ಪತ್ರೆ ಅದನ್ನು ಏನು ಮಾಡುತ್ತದೆ? ನಾಲ್ಕು ಜನರ ಶಿಫ್ಟಿನಲ್ಲಿ ಮೂವರು ಹೊಸಬರು, ಒಬ್ಬರು ಸೀನಿಯರ್. ಅತಿ ಕಷ್ಟದ ಪೇಷೆಂಟುಗಳು ಸೀನಿಯರಿಗೆ, ಯಾಕೆಂದರೆ ಬೇರೆಯವರಿಗೆ ಕೊಡಲು ಭಯ. ಇನ್‌ಚಾರ್ಜ್ ಕೆಲಸವೂ ಅವರದೇ, ಆದರೆ ಅವರ ಪೇಷೆಂಟುಗಳು ಕಡಿಮೆಯಾಗುವುದಿಲ್ಲ. ಹೊಸಬರಿಗೆ ನರ ಸಿಗದಿದ್ದರೆ "ಅಕ್ಕಾ, ಒಂದು ಸಲ ಬನ್ನಿ". ಔಷಧಿಯ ಲೆಕ್ಕ ಗೊತ್ತಾಗದಿದ್ದರೆ "ಅಕ್ಕಾ". ಮನೆಯವರು ಜಗಳ ತೆಗೆದರೆ "ಅಕ್ಕಾ". ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿಗಳು ಬಂದರೆ ಅವರಿಗೂ ಕಲಿಸಬೇಕು. ಯಾರಾದರೂ ತಪ್ಪು ಮಾಡಿದರೆ "ನೀವು ಸೀನಿಯರ್ ಇದ್ದಿರಲ್ಲ, ನೋಡಬಾರದಿತ್ತಾ" ಅಂತ ಕೇಳುವುದೂ ಇವರನ್ನೇ. ಅವರು ಕಲಿಸಿದ ಹುಡುಗಿ ಒಂದೂವರೆ ವರ್ಷಕ್ಕೆ ಕೈಗೆ ಬರುತ್ತಾಳೆ, ಸೇರುವಾಗ ಇಷ್ಟು ದಿನ ಇರುತ್ತೇನೆ ಅಂತ ಬರೆದುಕೊಟ್ಟ ಬಾಂಡ್ ಎರಡು ವರ್ಷಕ್ಕೆ ಮುಗಿಸಿ ಹೊರಟುಹೋಗುತ್ತಾಳೆ. ಮತ್ತೆ ಹೊಸ ಬ್ಯಾಚ್. ಮತ್ತೆ ಮೊದಲಿಂದ. ನಾನು ಹೀಗೆ ಆರು ಬ್ಯಾಚಿಗೆ ಕಲಿಸಿದೆ. ಏಳನೆಯದು ಬಂದ ದಿನ ಅವರ ಹೆಸರು ಕಲಿಯಲು ನನಗೆ ಮನಸ್ಸು ಬರಲಿಲ್ಲ. ಅವತ್ತು ನನ್ನ ಬಗ್ಗೆ ನನಗೇ ಭಯವಾಯಿತು.

ಒಬ್ಬ ಸೀನಿಯರ್ ಹೋದರೆ ಆ ಹೊರೆ ಉಳಿದ ಸೀನಿಯರ್‌ಗಳ ಮೇಲೆ ಬೀಳುತ್ತದೆ. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಹೊಸಬರಿಗೆ ಕೇಳಲು ಯಾರೂ ಇಲ್ಲದಾಗ ಅವರೂ ಹೆದರಿ ಬೇಗ ಬಿಡುತ್ತಾರೆ.

ಸಂಬಳದ ಮಾತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆ ನರ್ಸುಗಳ ಸ್ಥಿತಿ ನೋಡಲು ಸಮಿತಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಸಮಿತಿಯ ಶಿಫಾರಸು ಸರಳವಾಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಕಡಿಮೆ ಅಂದರೂ 10% ಅಷ್ಟೇ ಕಡಿಮೆ, 50ರಿಂದ 100 ಇದ್ದರೆ 25%, ಅದಕ್ಕೂ ಚಿಕ್ಕ ಆಸ್ಪತ್ರೆಯಲ್ಲಿ ಕನಿಷ್ಠ 20,000 ರೂಪಾಯಿ. ಶಿಫಾರಸಿಗೆ ಕಾನೂನಿನ ಬಲ ಇಲ್ಲ, ರಾಜ್ಯಗಳು ನಿಯಮ ಮಾಡಬೇಕು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದು ಹೋರಾಡಿ, 2018ರಲ್ಲಿ 20,000ದ ಕನಿಷ್ಠ ವೇತನ ಪಡೆದರು. ಆದರೆ ಕನಿಷ್ಠ ಅನ್ನುವುದು ಹೊಸಬರ ಮಾತು. ಹತ್ತು ವರ್ಷದವರ ಪ್ರಶ್ನೆ ಬೇರೆ. ನಾನು ಬಿಡುವಾಗ ನನಗೂ ಆಗತಾನೇ ಸೇರಿದವರಿಗೂ ಇದ್ದ ವ್ಯತ್ಯಾಸ ತಿಂಗಳಿಗೆ ಕೆಲವೇ ಸಾವಿರ. ಹನ್ನೊಂದು ವರ್ಷಕ್ಕೆ ಅಷ್ಟು.

ಇದೇ ವಯಸ್ಸಿಗೆ ಮನೆಯ ಜವಾಬ್ದಾರಿ ಎಲ್ಲಾ ಕಡೆಯಿಂದ ಬರುತ್ತದೆ. ಮೂವತ್ತು ದಾಟಿರುತ್ತದೆ, ಮಕ್ಕಳು ಸ್ಕೂಲಿಗೆ, ಅತ್ತೆ ಮಾವನಿಗೆ ವಯಸ್ಸು, ಪೇಷೆಂಟ್ ಎತ್ತಿ ಎತ್ತಿ ಸೊಂಟ ಹಿಡಿದಿರುತ್ತದೆ. ಮುಂದಿನ ವಾರದ ಡ್ಯೂಟಿ ಏನು ಅಂತ ಶನಿವಾರ ಸಂಜೆಯವರೆಗೆ ಗೊತ್ತಿರುವುದಿಲ್ಲ. ಮಗಳ ಸ್ಕೂಲ್ ಡೇಗೆ ರಜೆ ಕೇಳಲು ಮೂರು ಜನರ ಮುಂದೆ ನಿಲ್ಲಬೇಕು.

ಬಿಟ್ಟವರು ಎಲ್ಲಿಗೆ ಹೋಗುತ್ತಾರೆ? ಮನೆಯಲ್ಲಿ ಕೂರುವವರು ಕಡಿಮೆ. ಡಯಾಲಿಸಿಸ್, ಹೃದಯದ ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬ್, ಒಪಿಡಿ, ಇನ್ಫೆಕ್ಷನ್ ಕಂಟ್ರೋಲ್, ಇನ್ಶೂರೆನ್ಸ್ ಕ್ಲೈಮ್ ನೋಡುವ ಆಫೀಸು, ನರ್ಸಿಂಗ್ ಕಾಲೇಜು. ಅದೃಷ್ಟವಿದ್ದರೆ ಸರ್ಕಾರಿ ನೌಕರಿ. ಇನ್ನು ಕೆಲವರು ಗಲ್ಫ್, ಐರ್ಲೆಂಡ್, ಇಂಗ್ಲೆಂಡ್, ಜರ್ಮನಿ. ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಂಗ್ಲೆಂಡಿಗೆ ಹೋದ ನನ್ನ ಗೆಳತಿಯರಲ್ಲಿ ಹೆಚ್ಚಿನವರು ಅಲ್ಲಿಯೂ ಮೆಡಿಕಲ್ ವಾರ್ಡಿನಲ್ಲೇ ಇದ್ದಾರೆ. ಇಂಗ್ಲಿಷ್ ಪರೀಕ್ಷೆ ಬರೆದು, ಕಂಪ್ಯೂಟರ್ ಪರೀಕ್ಷೆ ಬರೆದು, ಅಲ್ಲಿಗೆ ಹೋಗಿ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆಯನ್ನೂ ಪಾಸಾಗಿ, ಮತ್ತೆ ಅದೇ ಬಿಪಿ, ಅದೇ ಡ್ರಿಪ್, ಅದೇ ಅಜ್ಜ ಅಜ್ಜಿಯರು. ಅಲ್ಲೂ ಜನ ಸಾಲದು, ಅಲ್ಲೂ ಓಟ. ಆದರೆ ವರ್ಷ ಕಳೆದಂತೆ ಸಂಬಳದ ಮೆಟ್ಟಿಲು ಏರುತ್ತದೆ, ಹುದ್ದೆಯ ಮೆಟ್ಟಿಲೂ ಇದೆ. ವಾರ್ಡಿನ ಕೆಲಸವೇ ಬೇಡವಾಗಿದ್ದರೆ ಇವರು ಏಳು ಸಮುದ್ರ ದಾಟಿ ಮತ್ತೆ ವಾರ್ಡಿಗೇ ಹೋಗುತ್ತಿದ್ದರಾ?

ಉಳಿಸಿಕೊಳ್ಳಲು ಆಗುವುದಿಲ್ಲ ಅನ್ನುವುದು ಸುಳ್ಳು. 1983ರಲ್ಲೇ ಅಮೆರಿಕದ ನರ್ಸಿಂಗ್ ಅಕಾಡೆಮಿ ಉಲ್ಟಾ ಪ್ರಶ್ನೆ ಕೇಳಿತ್ತು. ದೇಶದ ತುಂಬಾ ನರ್ಸುಗಳ ಕೊರತೆ ಇದ್ದಾಗ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಅವರು ಬಿಡದೆ ಉಳಿದದ್ದು ಯಾಕೆ? ಅಂಥ 41 ಆಸ್ಪತ್ರೆಗಳನ್ನು ಹುಡುಕಿ ನೋಡಿದಾಗ ಸಿಕ್ಕಿದ ಉತ್ತರದಲ್ಲಿ ದೊಡ್ಡ ಮಂತ್ರವೇನೂ ಇರಲಿಲ್ಲ. ಸಾಕಷ್ಟು ಜನ, ತೀರ್ಮಾನದಲ್ಲಿ ನರ್ಸಿನ ಮಾತಿಗೆ ಬೆಲೆ, ಮಾತು ಕೇಳುವ ಮೇಲಿನವರು, ಡಾಕ್ಟರುಗಳ ಜೊತೆ ಒಳ್ಳೆಯ ಸಂಬಂಧ. ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು, 2005ರಿಂದ ಅಲ್ಲಿ ಮೆಡಿಕಲ್, ಸರ್ಜಿಕಲ್ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಹೆಚ್ಚೆಂದರೆ ಐದು ಪೇಷೆಂಟ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ನಾಲ್ವರಿಗೆ ಒಬ್ಬರು, ರಾತ್ರಿ ಏಳು ಜನರಿಗೆ ಒಬ್ಬರು ಅಂತ ಮಾಡಿತು. ಆಮೇಲೆ ಲೆಕ್ಕ ಹಾಕಿದಾಗ, ಹೊಸ ನರ್ಸುಗಳಿಗೆ ಕೊಟ್ಟ ಹಣದ ಎರಡು ಪಟ್ಟಿಗಿಂತ ಜಾಸ್ತಿ ಉಳಿತಾಯವಾಗಿತ್ತು. ಪೇಷೆಂಟುಗಳು ಬೇಗ ಮನೆಗೆ ಹೋಗುತ್ತಿದ್ದರು, ವಾಪಸ್ ಬರುವವರು ಬೇರೆ ಆಸ್ಪತ್ರೆಗಳಲ್ಲಿ ಹೆಚ್ಚಾದ ಹಾಗೆ ಇಲ್ಲಿ ಹೆಚ್ಚಾಗಲಿಲ್ಲ.

ನಮ್ಮಲ್ಲಿ ಅಷ್ಟು ಜನ ಒಂದೇ ಸಲ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಇನ್‌ಚಾರ್ಜ್ ಆದವರಿಗೆ ಬೇರೆ ಪೇಷೆಂಟ್ ಕೊಡದೆ ಇಡೀ ವಾರ್ಡ್ ನೋಡಲು ಬಿಡಬಹುದಲ್ಲ. ಇಂಡೆಂಟ್, ಬಿಲ್ಲು, ಇನ್ಶೂರೆನ್ಸ್ ಫೋನುಗಳಿಗೆ ವಾರ್ಡಿಗೆ ಒಬ್ಬ ಗುಮಾಸ್ತರನ್ನು ಇಡಬಹುದಲ್ಲ. ಒಂದು ತಿಂಗಳ ಡ್ಯೂಟಿ ಪಟ್ಟಿಯನ್ನು ಮೊದಲೇ ಹಾಕಬಹುದಲ್ಲ. ವಾರ್ಡ್ ಬಿಟ್ಟು ಆಫೀಸಿಗೆ ಹೋದರೆ ಮಾತ್ರ ಬಡ್ತಿ ಅನ್ನುವುದನ್ನು ಬಿಟ್ಟು, ಹಾಸಿಗೆಯ ಪಕ್ಕದಲ್ಲೇ ಉಳಿದವರಿಗೂ ಹುದ್ದೆ, ಸಂಬಳ ಏರಿಸಬಹುದಲ್ಲ. ಇದರಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ನಿಮ್ಮ ಮನೆಯವರನ್ನು ಎಲ್ಲಿಗಾದರೂ ಸೇರಿಸುವಾಗ ಎಸಿ ರೂಮಿಗೆ ಎಷ್ಟು ಅಂತ ಕೇಳುವ ಜೊತೆಗೆ, ರಾತ್ರಿ ಈ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಎಷ್ಟು ಪೇಷೆಂಟ್, ಅವರಲ್ಲಿ ಐದು ವರ್ಷ ಆದವರು ಎಷ್ಟು ಜನ ಅಂತಲೂ ಕೇಳಿ. ದಯವಿಟ್ಟು ಕೇಳಿ. ನೀವು ಕೇಳಿದರೆ ಅದು ಮೇಲಿನವರೆಗೆ ಹೋಗುತ್ತದೆ, ನಾವು ಹೇಳಿದರೆ ಹೋಗುವುದಿಲ್ಲ.

ನಾನೀಗ ಡಯಾಲಿಸಿಸ್ ಯೂನಿಟಿನಲ್ಲಿದ್ದೇನೆ. ವಾರಕ್ಕೆ ಎರಡು ಮೂರು ಸಲ ಬರುವ ಅದೇ ಪೇಷೆಂಟುಗಳು, ಅವರ ಮೊಮ್ಮಕ್ಕಳ ಹೆಸರೂ ಗೊತ್ತು. ಕಳೆದ ತಿಂಗಳು ರಾತ್ರಿ ಒಂದೂವರೆಗೆ ಫೋನ್ ಬಂತು. ನಾನು ಕಲಿಸಿದ್ದ ಕೊನೆಯ ಬ್ಯಾಚಿನ ಹುಡುಗಿ. "ಅಕ್ಕಾ, ಒಬ್ಬ ಪೇಷೆಂಟ್ ಯಾಕೋ ಸರಿ ಕಾಣ್ತಿಲ್ಲ. ಬಿಪಿ ಸರಿಯಾಗಿದೆ, ಡಾಕ್ಟರಿಗೆ ಏನಂತ ಹೇಳಲಿ?" ಉಸಿರು ಎಣಿಸು, ಪೂರ್ತಿ ಒಂದು ನಿಮಿಷ, ಅಂದೆ. ಅವಳು ಫೋನ್ ಇಡದೆ ಎಣಿಸಿದಳು. ನಾನು ಕತ್ತಲಲ್ಲಿ ಕಾದು ಕೂತೆ. ಈಗ ಆ ವಾರ್ಡಿನಲ್ಲಿ ಎಲ್ಲರಿಗಿಂತ ಸೀನಿಯರ್ ಅವಳೇ. ಸೇರಿ ನಾಲ್ಕು ವರ್ಷ ಆಗಿದೆ. ಆಫ್ ಸಿಕ್ಕ ದಿನ ಜರ್ಮನ್ ಕ್ಲಾಸಿಗೆ ಹೋಗುತ್ತಾಳೆ.